ಟಮಾಕ್ಸಿಫೆನ್ ನಡೆಯುವಾಗ ಅರಿಶಿನದ ಮಾತ್ರೆ, ಎಲೆ ಕಷಾಯ

ಮಂಗಳೂರು, ಉಡುಪಿ ಕಡೆ ಸ್ತನ ಕ್ಯಾನ್ಸರ್ ಎಂದು ತಿಳಿದ ಕೂಡಲೇ ಯಾರಾದರೂ ಮುಳ್ಳುರಾಮಫಲದ ಎಲೆ ತಂದುಕೊಡುತ್ತಾರೆ, ಪ್ರೀತಿಯಿಂದಲೇ. ಆದರೆ ಅದರಲ್ಲಿರುವ ಅನೋನಾಸಿನ್ ನರಕೋಶಗಳಿಗೆ ವಿಷ. ಕಷಾಯ ಬೇಡ.

ಮೀನಿನ ಗಸಿಗೆ ಹಾಕುವ ಅರಿಶಿನಕ್ಕೆ ಹೆದರಬೇಕಿಲ್ಲ. ಒಂದು ಚಮಚ, ಅಂದರೆ ಸುಮಾರು 3 ಗ್ರಾಂ ಪುಡಿಯಲ್ಲಿ ಅರಿಶಿನದ ಮುಖ್ಯ ಸತ್ವವಾದ ಕರ್ಕ್ಯುಮಿನ್ ಇರುವುದು 100 ಮಿಲಿಗ್ರಾಂ ಆಸುಪಾಸು. ಮಾತ್ರೆಯ ಮಾತು ಬೇರೆ: ಒಂದೊಂದರಲ್ಲೂ 500 ಮಿಲಿಗ್ರಾಂ ಇರುವುದುಂಟು, ಮೈಗೆ ಹಿಡಿಯಲೆಂದು ಕಾಳುಮೆಣಸಿನ ಪೈಪರಿನ್ ಕೂಡ ಸೇರಿಸಿರುತ್ತಾರೆ. ಸ್ತನ ಕ್ಯಾನ್ಸರ್‌ಗೆ ಕೊಡುವ ಔಷಧ ಟಮಾಕ್ಸಿಫೆನ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಅದು ಯಕೃತ್ತಿನಲ್ಲಿ ಎಂಡಾಕ್ಸಿಫೆನ್ ಎಂಬ ಹೆಚ್ಚು ಪರಿಣಾಮಕಾರಿ ರೂಪಕ್ಕೆ ಬದಲಾಗಬೇಕು. 2019ರ ಡಚ್ ಅಧ್ಯಯನವೊಂದರಲ್ಲಿ ಕರ್ಕ್ಯುಮಿನ್, ಪೈಪರಿನ್ ಜೋಡಿ ರಕ್ತದ ಎಂಡಾಕ್ಸಿಫೆನ್ ಮಟ್ಟವನ್ನು ಸುಮಾರು 12% ಇಳಿಸಿತು. ಮೊದಲೇ ಮಟ್ಟ ಕಡಿಮೆಯಿರುವ ಹೆಂಗಸರಿಗೆ ಇದು ಸಣ್ಣ ವಿಷಯವಲ್ಲ.

ಅಮೃತಬಳ್ಳಿ, ಅಶ್ವಗಂಧದಿಂದ ಕೆಲವರಿಗೆ ಯಕೃತ್ತು ಊದಿಕೊಂಡದ್ದುಂಟು. ಮೂತ್ರ ಕಡು ಹಳದಿಯಾದರೆ, ಕಣ್ಣು ಹಳದಿಯಾದರೆ, ಮೈ ತುರಿಸಿದರೆ ಅಂದೇ ಈ ಗಿಡಮೂಲಿಕೆಗಳನ್ನು ನಿಲ್ಲಿಸಿ, ವೈದ್ಯರನ್ನು ಕಂಡು ಎಲ್‌ಎಫ್‌ಟಿ (ಯಕೃತ್ತಿನ ರಕ್ತಪರೀಕ್ಷೆ) ಮಾಡಿಸಿ. ಶಸ್ತ್ರಚಿಕಿತ್ಸೆ ಇದ್ದರೆ ಬೆಳ್ಳುಳ್ಳಿ, ಶುಂಠಿ, ಅರಿಶಿನದ ಕ್ಯಾಪ್ಸೂಲ್‌ಗಳನ್ನು 2 ವಾರ ಮೊದಲೇ ಬಿಡಿ, ರಕ್ತಸ್ರಾವ ಹೆಚ್ಚಬಹುದು.

ಕ್ಯಾನ್ಸರ್ ವೈದ್ಯರ ಬಳಿ ಹೋಗುವಾಗ ಇಂಥ ಮಾತ್ರೆ, ಕ್ಯಾಪ್ಸೂಲ್‌ಗಳ ಬಾಟಲಿಯನ್ನೇ ಒಯ್ಯಿರಿ. ಹೆಸರು ಹೇಳಿದರೆ ಸಾಲದು, ಲೇಬಲ್‌ನಲ್ಲಿರುವ ಪ್ರಮಾಣ ಅವರಿಗೆ ಬೇಕು.