ಗುಂಯ್ ಅನ್ನುವ ಆಂಪ್ಲಿಫೈಯರ್‌ಗೆ ಯಾವ ವಾಲ್ವ್ ತರಲಿ?

ವಾಲ್ವ್, ಅಂದರೆ ಸಿಗ್ನಲ್ ಹಿಗ್ಗಿಸುವ ಗಾಜಿನ ಟ್ಯೂಬ್, ಇರುವ ಹಳೆಯ ಸೆಟ್ ಇಟ್ಟುಕೊಂಡವರು, ಹೊಸದಾಗಿ ಗಿಟಾರ್ ಆಂಪ್ಲಿಫೈಯರ್ ಕೊಂಡವರು, ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ಸದ್ಯಕ್ಕೆ ಯಾವುದನ್ನೂ ತರಬೇಡಿ ಅನ್ನುವುದೇ ನನ್ನ ಉತ್ತರ. ಸದ್ದು ಎಲ್ಲಿ ಹುಟ್ಟುತ್ತಿದೆ ಅಂತ ತಿಳಿಯದೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಗೆ ಹೋದರೆ ದುಡ್ಡು ದಂಡ.

ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ ನೋಡಿ. ಸದ್ದು ನಿಂತರೆ ತೊಂದರೆ ವಾಲ್ಯೂಮಿಗಿಂತ ಹಿಂದಿದೆ: ಕೇಬಲ್, ಇನ್‌ಪುಟ್ ಅಥವಾ ಮೊದಲ ವಾಲ್ವ್. ಹಾಗೇ ಉಳಿದರೆ ಮುಂದಿನ ಹಂತದಲ್ಲೋ ಪವರ್ ಸಪ್ಲೈನಲ್ಲೋ ಹುಡುಕಬೇಕು.

ಆಮೇಲೆ ಶ್ರುತಿ ಗಮನಿಸಿ. ನಮ್ಮ ಕರೆಂಟು 50 ಹರ್ಟ್ಸ್. ಹೆಚ್ಚಿನ ಸೆಟ್‌ಗಳಲ್ಲಿ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿ ಉಳಿಯುವ ಅಲೆ 100 ಹರ್ಟ್ಸ್, ಅಂದರೆ ಸರಿಯಾಗಿ ಒಂದು ಸ್ಥಾಯಿ ಮೇಲಿನದು. ಸಂಗೀತ ಕಲಿತವರಿಗೆ ಈ ವ್ಯತ್ಯಾಸ ಥಟ್ಟನೆ ಸಿಗುತ್ತದೆ. ಇಲ್ಲದಿದ್ದರೆ ಮೊಬೈಲಿನ ಸ್ಪೆಕ್ಟ್ರಮ್ ಆ್ಯಪ್ ಸಾಕು. 50 ಮುಂದಾಗಿದ್ದರೆ ವಾಲ್ವನ್ನು ಕಾಯಿಸುವ ಫಿಲಮೆಂಟಿನ ವೈರು, ಕೇಬಲಿನ ಶೀಲ್ಡ್, ಅರ್ತ್ ಜೋಡಣೆ ನೋಡಿ. 100 ಆದರೆ ಬಹುಪಾಲು ಆ ಅಲೆಯನ್ನು ಸಪಾಟು ಮಾಡುವ ಫಿಲ್ಟರ್ ಕಂಡೆನ್ಸರ್ ಒಣಗಿರುತ್ತದೆ. ದಶಕಗಳಷ್ಟು ಹಳೆಯ ಸೆಟ್‌ನಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಇದರ ಮೇಲೇ.

ಆದರೆ ಆ ಕಂಡೆನ್ಸರ್‌ಗೆ ಸುಮ್ಮನೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ 300, 400 ವೋಲ್ಟ್ ನಿಂತಿರಬಹುದು. ಪ್ರಾಣ ತೆಗೆಯಲು ಅಷ್ಟು ಸಾಕು. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವುದೂ ತಪ್ಪು. ದಪ್ಪ ರೆಸಿಸ್ಟರ್ ಮೂಲಕ ನಿಧಾನವಾಗಿ ಇಳಿಸಿ, ಮೀಟರ್ ಸೊನ್ನೆಯ ಹತ್ತಿರ ಬರುವುದನ್ನು ಕಣ್ಣಾರೆ ನೋಡಬೇಕು. ಇದು ರೂಢಿಯಿಲ್ಲದವರು ದಯವಿಟ್ಟು ಬಲ್ಲ ಮೆಕ್ಯಾನಿಕ್ ಕೈಗೆ ಕೊಡಿ.

ವಾಲ್ವಿನ ಮೇಲೇ ಗುಮಾನಿಯಿದ್ದರೆ, ಸೆಟ್ ಓಡುತ್ತಿರುವಾಗ ಒಣ ಮರದ ಕಡ್ಡಿಯಿಂದ ಗಾಜನ್ನು ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಜೋರಾಗಿ ಟಣ್ ಅಂದರೆ ಒಳಗಿನ ಭಾಗಗಳು ಸಡಿಲವಾಗಿವೆ. ಸ್ಟೀರಿಯೊ ಆದರೆ, ಆಫ್ ಮಾಡಿ ಆರಿದ ಮೇಲೆ ಎಡದ ವಾಲ್ವನ್ನು ಬಲಕ್ಕೆ ಹಾಕಿ. ಸದ್ದೂ ಜೊತೆಗೇ ಹೋದರೆ ಅದೇ ಅಪರಾಧಿ. ಪಿನ್ನು, ಸಾಕೆಟ್ಟು ಕೊಳೆಯಾಗಿದ್ದರೂ ಕರಕರ ಬರುತ್ತದೆ, ಒರೆಸಿ ನೋಡಿ. ನಮ್ಮ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಲ್ಲಿ ರೇಡಿಯೊ ವಾಲ್ವ್ ತಯಾರಿಸಲು ಶುರು ಮಾಡಿತು. ಆ ಹೆಸರಿನ ವಾಲ್ವ್ ನಿಮ್ಮ ಸೆಟ್‌ನಲ್ಲಿದ್ದರೆ ಹಳೆಯದೆಂಬ ಒಂದೇ ಕಾರಣಕ್ಕೆ ಎಸೆಯಬೇಡಿ.

ಎಷ್ಟೋ ಸಲ ತಪ್ಪು ಸೆಟ್‌ನದ್ದೇ ಅಲ್ಲ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಆರಿಸಿ ಕೇಳಿ. ಕರೆಂಟು ಹೋದಾಗ ಮಾತ್ರ ಝೇಂಕಾರ ಬಂದರೆ ಕಾರಣ ಮನೆಯ ಸ್ಕ್ವೇರ್ ವೇವ್ ಇನ್ವರ್ಟರ್. ಗುಂಯ್ ನಿಲ್ಲುತ್ತದೆಂದು ಅರ್ತ್ ಪಿನ್ ಕತ್ತರಿಸುವವರಿದ್ದಾರೆ. ಒಳಗೆ ಒಂದು ವೈರು ಬಿಚ್ಚಿಕೊಂಡು ಲೋಹದ ಚಾಸಿಗೆ ತಾಗಿದರೆ, ಮುಟ್ಟಿದವರ ಮೈಯಲ್ಲಿ ಕರೆಂಟು ಹರಿಯುತ್ತದೆ. ಅದರ ಬದಲು ಪ್ಲೇಯರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ. ಎರಡು ಕಡೆ ಅರ್ತ್ ಆಗಿ ಹುಟ್ಟುವ ಅರ್ತ್ ಲೂಪಿನ ಸದ್ದಾಗಿದ್ದರೆ ಸಾಮಾನ್ಯವಾಗಿ ಅಲ್ಲೇ ತಗ್ಗುತ್ತದೆ.