ಕೊನೆಯ ಆರು ಬೈಟ್‌ಗಳು

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಸಣ್ಣ ಸಾಫ್ಟ್‌ವೇರ್ ಕಚೇರಿಗೆ ಬರುವ ಕೆಲಸಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹಳೆಯ ಲೆಕ್ಕವನ್ನು ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸಗಳೇ ಆಗಿರುತ್ತವೆ. ಎರಡು ಹಂಗಾಮುಗಳ ಹಿಂದೆ ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಕಾಟಾದ, ಅಂದರೆ ಕಬ್ಬಿನ ವಾಹನಗಳನ್ನು ತೂಗುವ ತಕ್ಕಡಿಯ, ಲೆಕ್ಕವನ್ನು ಹೀಗೆ ಸಾಗಿಸುವಾಗ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ತಪ್ಪನ್ನು ನಾನು ಮಾಡಬಾರದಾಗಿತ್ತು. ಏಕೆಂದರೆ ಅದನ್ನು ಮಾಡದಿರುವುದು ಹೇಗೆಂಬುದನ್ನು ನಾನು ಹತ್ತು ವರ್ಷ ಮೊದಲೇ, ವಿಜಯಪುರದ ನಮ್ಮ ಮನೆಯಲ್ಲಿ, ಒಂದು ಆಟದ ಅಭಿಮಾನಿಗಳು ಕಟ್ಟಿದ ಸಲಕರಣೆಗಳಿಂದ ಕಲಿತಿದ್ದೆ.

ಆ ಆಟ ಏಜ್ ಆಫ್ ಎಂಪೈರ್ಸ್‌ನ ಎರಡನೆಯ ಆವೃತ್ತಿ. 1999ರಲ್ಲಿ ಎನ್ಸೆಂಬಲ್ ಸ್ಟುಡಿಯೋಸ್ ಮೂಲ ಆಟವನ್ನು ಹೊರತಂದಿತು, 2000ದಲ್ಲಿ ಕಾಂಕರರ್ಸ್ ಎಂಬ ವಿಸ್ತರಣೆ ಬಂತು. ನಮ್ಮ ಮನೆಯ ಹಳೆಯ ಕಂಪ್ಯೂಟರ್ ಅದಕ್ಕಿಂತ ಹೊಸದೇನನ್ನೂ ತಾಳಿಕೊಳ್ಳುತ್ತಿರಲಿಲ್ಲವಾದ್ದರಿಂದ 2012ರ ಬೇಸಿಗೆ ರಜೆಯಲ್ಲಿಯೂ ನಾನು ಮತ್ತು ನನ್ನ ಅಣ್ಣ ಅದನ್ನೇ ಆಡುತ್ತಿದ್ದೆವು. ಆಡಿ ಆಡಿ ಬೇಸರವಾದಾಗ ಅಣ್ಣ ಎಲ್ಲಿಂದಲೋ ಅಡ್ವಾನ್ಸ್ಡ್ ಜೀನಿ ಎಡಿಟರ್ ಎಂಬ ಸಲಕರಣೆಯನ್ನು ಪೆನ್‌ಡ್ರೈವ್‌ನಲ್ಲಿ ತಂದನು. ಜೀನಿ ಎಂಬುದು ಆ ಆಟದ ಎಂಜಿನ್ನಿನ, ಅಂದರೆ ಆಟವನ್ನು ಒಳಗಿನಿಂದ ನಡೆಸುವ ಪ್ರೋಗ್ರಾಮಿನ ಹೆಸರು. ಆಟದೊಳಗಿನ ಪ್ರತಿ ಸೈನಿಕ, ಕಟ್ಟಡ, ಬಾಣ, ಮರ, ಜಿಂಕೆಗಳ ಗುಣಗಳೆಲ್ಲ ಒಂದು ಡ್ಯಾಟ್ ಫೈಲಿನಲ್ಲಿ ಕುಗ್ಗಿಸಿ ಇಡಲ್ಪಟ್ಟಿರುತ್ತವೆ, ಈ ಎಡಿಟರ್ ಅದನ್ನು ಬಿಚ್ಚಿ, ಪ್ರತಿಯೊಂದು ಅಂಕಿಯನ್ನೂ ಪ್ರತ್ಯೇಕ ಚೌಕದಲ್ಲಿ ತೋರಿಸಿ, ತಿದ್ದಿದ ಮೇಲೆ ಮರಳಿ ಕಟ್ಟಿಕೊಡುತ್ತದೆ.

ವಿಜಯಪುರದ ಮಕ್ಕಳಿಗೆ ಇಂಥ ಸಲಕರಣೆ ಸಿಕ್ಕರೆ ಮೊದಲು ಹೊಳೆಯುವುದು ಏನಿರಬಹುದೆಂದು ಊರಿನವರು ಊಹಿಸಬಲ್ಲರು. ಶೇರ್ಜಾ ಬುರುಜಿನ ಮೇಲಿರುವ, 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ಮಲಿಕ್-ಎ-ಮೈದಾನ್ ತೋಪನ್ನು ಆಟದೊಳಗೆ ತರಬೇಕೆಂದು ನಾವು ನಿಶ್ಚಯಿಸಿದೆವು. ಆಟದಲ್ಲಿ ಬೊಂಬಾರ್ಡ್ ಟವರ್ ಎಂಬ ತೋಪಿನ ಗೋಪುರವಿದೆ. ಅದರ ಹೊಡೆತದ ದೂರ ಆಟದ ನೆಲದ 8 ಚೌಕ, ಒಂದು ಗುಂಡಿನ ಬಲ 120. ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ ತುರ್ಕಿಯಿಂದ ಬಂದವನೆಂಬ ಪ್ರತೀತಿ ಇರುವುದರಿಂದ ನಾವು ಆಡಲು ಟರ್ಕ್ಸ್ ನಾಗರಿಕತೆಯನ್ನು ಆರಿಸಿಕೊಂಡು, ಗೋಪುರದ ಹೊಡೆತದ ದೂರವನ್ನು 8ರಿಂದ 20ಕ್ಕೆ ಏರಿಸಿ ಆಟ ತೆರೆದೆವು. ಏನೂ ಬದಲಾಗಿರಲಿಲ್ಲ.

ಕಾರಣ ತಿಳಿಯಲು ಒಂದು ದಿನ ಹಿಡಿಯಿತು. ಕಾಂಕರರ್ಸ್‌ನಲ್ಲಿ 18 ನಾಗರಿಕತೆಗಳಿದ್ದು, ಅವುಗಳ ಜೊತೆಗೆ ಮರ, ಜಿಂಕೆ, ತೋಳಗಳ ಒಡೆತನಕ್ಕೆಂದು ‘ಗಾಯಾ’ ಎಂಬ ಇನ್ನೊಂದು ಇದೆ. ಡ್ಯಾಟ್ ಫೈಲಿನಲ್ಲಿ ಒಂದೇ ಗೋಪುರದ ವಿವರ ಪ್ರತಿ ನಾಗರಿಕತೆಗೂ ಬೇರೆ ಬೇರೆ ಪ್ರತಿಯಾಗಿ ಬರೆಯಲ್ಪಟ್ಟಿರುತ್ತದೆ, ನಾವು ತಿದ್ದಿದ್ದು ಪಟ್ಟಿಯ ಮೊದಲಿನ ಪ್ರತಿಯನ್ನು ಮಾತ್ರ. ಒಂದು ಕಡೆಯ ತಿದ್ದುಪಡಿಯನ್ನು ಎಲ್ಲ ನಾಗರಿಕತೆಗಳಿಗೂ ತಾನೇ ನಕಲು ಮಾಡುವ ಸೌಲಭ್ಯವನ್ನು ಎಡಿಟರ್ ಕಟ್ಟಿದವರು ಕೊಟ್ಟಿದ್ದೇ ಈ ತೊಂದರೆಯನ್ನು ಅವರೂ ಉಂಡಿದ್ದರಿಂದ ಎಂದು ಆಗ ಅರ್ಥವಾಯಿತು. ಅದನ್ನು ಸರಿಪಡಿಸಿದ ಮೇಲೂ ತೋಪು 20 ಚೌಕ ದೂರದ ವೈರಿಗೆ ಗುಂಡು ಹಾರಿಸಲಿಲ್ಲ, ಏಕೆಂದರೆ ಗೋಪುರಕ್ಕೆ ಕಾಣುವ ದೂರ ಎಂಬುದು ಎಡಿಟರಿನ ಇನ್ನೊಂದು ಚೌಕದಲ್ಲಿರುವ ಇನ್ನೊಂದು ಅಂಕಿ, ಅದು 10ರಲ್ಲಿಯೇ ನಿಂತಿತ್ತು. ಕಾಣದ್ದಕ್ಕೆ ಹೊಡೆಯಲು ತೋಪಿಗೆ ಬರುವುದಿಲ್ಲ.

ಚಿತ್ರ ಬದಲಿಸುವ ಕೆಲಸ ಇನ್ನೂ ಸೂಕ್ಷ್ಮವಾಗಿತ್ತು. ಚಿತ್ರಗಳೆಲ್ಲ ಡಿಆರ್‌ಎಸ್ ಎಂಬ ದೊಡ್ಡ ಗಂಟುಗಳಲ್ಲಿ ಎಸ್‌ಎಲ್‌ಪಿ ಎಂಬ ರೂಪದಲ್ಲಿರುತ್ತವೆ. ಗಂಟಿನ ಆರಂಭದಲ್ಲಿ ಒಂದು ಪಟ್ಟಿ, ಅದರಲ್ಲಿ ಪ್ರತಿ ಚಿತ್ರಕ್ಕೆ 12 ಬೈಟ್ (ಬೈಟ್ ಎಂದರೆ ಕಂಪ್ಯೂಟರಿನ ಮಾಹಿತಿಯನ್ನು ಅಳೆಯುವ ಚಿಕ್ಕ ಘಟಕ): ಕ್ರಮಸಂಖ್ಯೆಗೆ ನಾಲ್ಕು, ಗಂಟಿನಲ್ಲಿ ಅದು ಎಲ್ಲಿದೆ ಎಂಬುದಕ್ಕೆ ನಾಲ್ಕು, ಎಷ್ಟು ಉದ್ದವಿದೆ ಎಂಬುದಕ್ಕೆ ನಾಲ್ಕು. ಫೈಲಿನ ಬೈಟ್‌ಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಅದನ್ನು ತೆರೆದರೆ ಎಸ್‌ಎಲ್‌ಪಿ ಎಂಬ ಅಕ್ಷರಗಳು ಪಿಎಲ್‌ಎಸ್ ಎಂದು ಹಿಂದುಮುಂದಾಗಿ ಕಾಣುತ್ತವೆ, ಏಕೆಂದರೆ ಅವು ಒಂದು ಸಂಖ್ಯೆಯಾಗಿ ಉಳಿಸಲ್ಪಟ್ಟಿವೆ ಮತ್ತು ಇಂಟೆಲ್ ಬಗೆಯ ಯಂತ್ರಗಳು ಸಂಖ್ಯೆಯ ಕಿರಿಯ ಬೈಟನ್ನು ಮೊದಲು ಬರೆಯುತ್ತವೆ. ಅಣ್ಣ ಗೆಳೆಯನ ಕ್ಯಾಮೆರಾದಲ್ಲಿ ಬುರುಜಿನ ಫೋಟೋ ತೆಗೆದು, 256 ಬಣ್ಣಗಳಿಗೆ ಇಳಿಸಿ ಸೇರಿಸಿದನು. ಚಿತ್ರದ ಆಧಾರಬಿಂದುವನ್ನು ತಪ್ಪಾಗಿ ಕೊಟ್ಟಿದ್ದರಿಂದ ಬುರುಜು ತನ್ನ ಅಡಿಪಾಯವನ್ನು ಬಿಟ್ಟು ಪಕ್ಕದ ಹೊಲದ ಮೇಲೆ ತೇಲುತ್ತಿತ್ತು. ಆಟಗಾರನ ಬಣ್ಣಕ್ಕೆಂದು ಮೀಸಲಾದ ಬಿಂದುಗಳನ್ನು ಬಿಡಿಸದೆ ಹೋದದ್ದರಿಂದ ಎಲ್ಲರ ಬುರುಜುಗಳೂ ಒಂದೇ ಕಂದು ಬಣ್ಣದವಾಗಿ, ಯಾರ ತೋಪು ಯಾರನ್ನು ಹೊಡೆಯುತ್ತಿದೆ ಎಂಬುದೇ ತಿಳಿಯುತ್ತಿರಲಿಲ್ಲ.

ಆದರೆ ಆ ಎಡಿಟರಿನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದದ್ದು ‘ಅನ್‌ನೋನ್’ ಎಂಬ ಹೆಸರಿನ ಚೌಕಗಳು. ಈ ಸಲಕರಣೆಗಳನ್ನು ಕಟ್ಟಿದವರ ಕೈಯಲ್ಲಿ ಆಟದ ಸೋರ್ಸ್ ಕೋಡ್, ಅಂದರೆ ಅದನ್ನು ತಯಾರಿಸಿದವರು ಬರೆದ ಮೂಲ ಪ್ರೋಗ್ರಾಮು, ಇರಲಿಲ್ಲ. ಒಂದು ಬೈಟನ್ನು ಬದಲಿಸುವುದು, ಆಟ ತೆರೆದು ಏನಾಯಿತೆಂದು ನೋಡುವುದು, ಬರೆದಿಟ್ಟುಕೊಳ್ಳುವುದು, ಮತ್ತೊಂದು ಬೈಟನ್ನು ಬದಲಿಸುವುದು, ಹೀಗೆ ವರ್ಷಗಟ್ಟಲೆ ಮಾಡಿ ಅವರು ಆ ಫೈಲಿನ ನಕ್ಷೆಯನ್ನು ತಯಾರಿಸಿದ್ದರು. ಅರ್ಥ ಹತ್ತಿದ್ದಕ್ಕೆ ಹೆಸರಿಟ್ಟಿದ್ದರು, ಹತ್ತದೆ ಇದ್ದದ್ದಕ್ಕೆ ಅಜ್ಞಾತ ಎಂದೇ ಬರೆದು ಅದರೊಳಗಿನ ಬೆಲೆಯನ್ನು ಹೇಗಿತ್ತೋ ಹಾಗೆ ತೋರಿಸಿ, ಹೇಗಿತ್ತೋ ಹಾಗೆ ಮರಳಿ ಬರೆಯುತ್ತಿದ್ದರು. ಸೊನ್ನೆ ಇದ್ದ ಕಡೆಯೂ ‘ಬಳಕೆಯಲ್ಲಿಲ್ಲ’ ಎಂದು ಊಹಿಸಿ ಅಳಿಸುತ್ತಿರಲಿಲ್ಲ. ಇದೇ ಎಂಜಿನ್ನಿನ ಮೇಲೆ 2001ರಲ್ಲಿ ಸ್ಟಾರ್ ವಾರ್ಸ್‌ನ ಗ್ಯಾಲಕ್ಟಿಕ್ ಬ್ಯಾಟಲ್‌ಗ್ರೌಂಡ್ಸ್ ಆಟವೂ ಬಂದಿದ್ದು, ಒಂದೇ ಎಡಿಟರ್ ಎರಡರ ಫೈಲುಗಳನ್ನೂ ತೆರೆಯುತ್ತದೆ. ಆದರೆ ತೆರೆಯುವ ಮೊದಲು ಇದು ಯಾವ ಆಟದ ಫೈಲು ಎಂದು ಕೇಳುತ್ತದೆ, ಏಕೆಂದರೆ ಆವೃತ್ತಿಯಿಂದ ಆವೃತ್ತಿಗೆ ಚೌಕಗಳ ಸಂಖ್ಯೆಯೇ ಬೇರೆ. ಈ ಶಿಸ್ತಿನಿಂದ ಬೆಳೆದ ಕೆಲವು ಅಭಿಮಾನಿಗಳ ಫಾರ್ಗಾಟನ್ ಎಂಪೈರ್ಸ್ ಎಂಬ ಸ್ವಂತ ವಿಸ್ತರಣೆ 2013ರಲ್ಲಿ ಅಧಿಕೃತ ವಿಸ್ತರಣೆಯಾಗಿ ಬಿಡುಗಡೆಯಾಯಿತೆಂಬುದು ನನಗೆ ಈಗಲೂ ಸಂತೋಷ ಕೊಡುವ ಸಂಗತಿ.

ಇನ್ನು ಕಾರ್ಖಾನೆಯ ಮಾತು. ಕಾಟಾದ ಹಳೆಯ ಪ್ರೋಗ್ರಾಮನ್ನು ಬರೆದವರು ಊರು ಬಿಟ್ಟು ಬಹಳ ಕಾಲವಾಗಿತ್ತು, ಅದರ ಫೈಲಿನ ವಿವರಣೆ ಯಾರ ಬಳಿಯೂ ಇರಲಿಲ್ಲ. ಪ್ರತಿ ತೂಕದ ಚೀಟಿಗೆ 64 ಬೈಟ್‌ಗಳ ಒಂದು ದಾಖಲೆ ಇರುವುದನ್ನು ನಾನು ಮೊದಲ ಮಧ್ಯಾಹ್ನವೇ ಕಂಡುಹಿಡಿದೆ. ಚೀಟಿ ನಂಬರ್, ರೈತರ ಕೋಡ್, ಟ್ರ್ಯಾಕ್ಟರ್ ನಂಬರ್, ತುಂಬಿದ ತೂಕ, ಖಾಲಿ ತೂಕ, ದಿನಾಂಕ, ವೇಳೆ, ಎಲ್ಲವೂ ಒಂದೊಂದಾಗಿ ಸಿಕ್ಕವು. ರೈತರ ಹೆಸರುಗಳು ಯುನಿಕೋಡ್ ಬರುವ ಮೊದಲಿನ ಅಕ್ಷರವಿನ್ಯಾಸದಲ್ಲಿದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರದಂತೆ ಕಾಣುತ್ತಿದ್ದವು, ಅದಕ್ಕೆ ಪರಿವರ್ತಕವಿತ್ತು. ದಾಖಲೆಯ ಕೊನೆಯ ಆರು ಬೈಟ್‌ಗಳು ಮಾತ್ರ ನಾನು ನೋಡಿದ ಎಲ್ಲ ಚೀಟಿಗಳಲ್ಲಿಯೂ ಸೊನ್ನೆಯಾಗಿದ್ದವು. ನನ್ನ ಪ್ರೋಗ್ರಾಮಿನಲ್ಲಿ ಅವುಗಳಿಗೆ ‘ಖಾಲಿ’ ಎಂದು ಹೆಸರಿಟ್ಟೆ.

ಹೊಸ ವ್ಯವಸ್ಥೆಯಲ್ಲಿ ಕಾಟಾ ನಡೆಯುತ್ತಿದ್ದರೂ ಆ ಹಂಗಾಮು ಮುಗಿಯುವವರೆಗೆ ಬಿಲ್ಲುಗಳನ್ನು ಹಳೆಯ ಪ್ರೋಗ್ರಾಮಿನಲ್ಲಿಯೇ ತೆಗೆಯಬೇಕೆಂದು ಲೆಕ್ಕ ವಿಭಾಗದವರು ಪಟ್ಟು ಹಿಡಿದಿದ್ದರು. ಹೀಗಾಗಿ ರಾತ್ರಿ ಪಾಳಿಯ ಸಿಬ್ಬಂದಿ ಹಳೆಯ ಪ್ರೋಗ್ರಾಮಿನಲ್ಲಿ ತುಂಬಿದ ಚೀಟಿಗಳನ್ನು ನನ್ನ ಸಲಕರಣೆ ಓದಿ, ಹಗಲಿನ ಚೀಟಿಗಳೊಡನೆ ಸೇರಿಸಿ, ಇಡೀ ಫೈಲನ್ನು ಹಳೆಯ ರೂಪದಲ್ಲಿಯೇ ಮರಳಿ ಬರೆಯುತ್ತಿತ್ತು. ಹಾಗೆ ಬರೆಯುವಾಗ ‘ಖಾಲಿ’ಯ ಜಾಗದಲ್ಲಿ ಅದು ಸೊನ್ನೆಗಳನ್ನು ತುಂಬುತ್ತಿತ್ತು. ನವೆಂಬರ್ ತಿಂಗಳು ಯಾವ ದೂರೂ ಇಲ್ಲದೆ ಕಳೆಯಿತು.

ಡಿಸೆಂಬರಿನ ಒಂದು ಸಂಜೆ ಕಬ್ಬಿನ ಲೆಕ್ಕ ನೋಡಿಕೊಳ್ಳುವ ಹಿರಿಯ ಗುಮಾಸ್ತರೊಬ್ಬರು ನನಗೆ ಫೋನ್ ಮಾಡಿದರು. ನಿವೃತ್ತಿಗೆ ಒಂದು ವರ್ಷವಷ್ಟೇ ಉಳಿದಿದ್ದ ಅವರನ್ನು ಕಾರ್ಖಾನೆಯಲ್ಲಿ ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ.

“ತಂಗೀ, ಇಲ್ಲೊಬ್ಬ ರೈತ ಹತ್ತ ಮೈಲಿಯಿಂದ ಖಾಲಿ ಟ್ರೇಲರ್ ಎಳಕೊಂಡ ಬಂದಾನಂತ ನಿನ್ನ ಕಂಪ್ಯೂಟರ್ ಹೇಳಾಕತ್ತೈತಿ. ಖರೇ ಏನ?”

ಚೀಟಿ ಕೊಟ್ಟಾಗಿತ್ತು, ಅದರಲ್ಲಿ ತೂಕ ಸೊನ್ನೆ ಇತ್ತು. ಅಂಥ ಚೀಟಿ ಒಂದಲ್ಲ, 37 ಇದ್ದವು. ಕಬ್ಬು ಪೂರೈಸಿದ 14 ದಿನಗಳೊಳಗೆ ರೈತರಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿಯೇ ಇರುವುದರಿಂದ ಆ ಬಿಲ್ಲುಗಳನ್ನು ತಡೆಹಿಡಿಯುವುದಕ್ಕೆ ಅವಕಾಶ ಬಹಳ ಕಡಿಮೆಯಿತ್ತು. ಮರುದಿನ ಬೆಳಗಿನ ಬಸ್ಸಿಗೆ ನಾನು ಕಾರ್ಖಾನೆಗೆ ಹೋದೆ.

ನನ್ನನ್ನು ಉಳಿಸಿದ್ದು ಆಟದ ಕಾಲದ ಒಂದೇ ಒಂದು ಅಭ್ಯಾಸ: ಯಾವ ಫೈಲನ್ನೂ ಮುಟ್ಟುವ ಮೊದಲು ದಿನಾಂಕ ಹಾಕಿ ಅದರ ಪ್ರತಿ ತೆಗೆದಿಡುತ್ತಿದ್ದೆ. ರಾತ್ರಿ ಪಾಳಿಯ ಮೂಲ ಫೈಲನ್ನೂ ನನ್ನ ಸಲಕರಣೆ ಮರಳಿ ಬರೆದ ಫೈಲನ್ನೂ ಪಕ್ಕ ಪಕ್ಕ ಹೆಕ್ಸ್ ಎಡಿಟರಿನಲ್ಲಿ ತೆರೆದಾಗ ಆ ಚೀಟಿಗಳಲ್ಲಿ ಮೊದಲ 58 ಬೈಟ್‌ಗಳು ಒಂದೇ ಆಗಿದ್ದವು. ಒಂದು ಚೀಟಿಯ ಕೊನೆಯ ಆರು ಮೂಲದಲ್ಲಿ 6ಎಫ್ 14 00 00 28 00 ಎಂದಿದ್ದರೆ ನನ್ನ ಫೈಲಿನಲ್ಲಿ ಬರೀ ಸೊನ್ನೆಗಳಿದ್ದವು. ಪಿಎಲ್‌ಎಸ್ ಎಂಬುದನ್ನು ಎಸ್‌ಎಲ್‌ಪಿ ಎಂದು ಓದಿ ಅಭ್ಯಾಸವಿದ್ದ ಕಣ್ಣಿಗೆ ಅದು ಕಷ್ಟವಾಗಲಿಲ್ಲ. ಹೆಕ್ಸ್ ಎಡಿಟರ್ ತೋರಿಸುವುದು ಹದಿನಾರರ ಎಣಿಕೆಯ ಅಂಕಿಗಳನ್ನು; ಮೊದಲ ನಾಲ್ಕು ಬೈಟ್‌ಗಳನ್ನು ಹಿಂದುಮುಂದಾಗಿಸಿ ನಮ್ಮ ಹತ್ತರ ಎಣಿಕೆಗೆ ತಂದರೆ 5231, ಉಳಿದ ಎರಡನ್ನು ಹಾಗೆಯೇ ಓದಿದರೆ 40. ಕಾಕಾ ಅವರಿಗೆ ಆ ಎರಡು ಅಂಕಿಗಳನ್ನು ಹೇಳಿದ ಕೂಡಲೇ ಅವರು ರಿಜಿಸ್ಟರ್ ತೆರೆಯದೆಯೇ ಉತ್ತರ ಕೊಟ್ಟರು. 5231 ಎಂಬುದು ಜೋಡಿ ಚೀಟಿಯ ನಂಬರ್, 40 ಎಂಬುದು ಪಾಲು.

ನಮ್ಮ ಕಡೆ ಒಂದು ಟ್ರ್ಯಾಕ್ಟರ್ ಎರಡು ಟ್ರೇಲರ್‌ಗಳನ್ನು ಎಳೆದುಕೊಂಡು ಬರುತ್ತದೆ, ಆ ಕಾರ್ಖಾನೆಯಲ್ಲಿ ಎರಡನ್ನೂ ಒಟ್ಟಿಗೆ ತೂಗುತ್ತಿದ್ದರು. ಒಬ್ಬ ರೈತನ ಹೊಲದ ಕಟಾವು ಮುಗಿಯುವ ದಿನ ಅರ್ಧ ಹೇರಿನಷ್ಟು ಕಬ್ಬು ಉಳಿದರೆ ಎರಡನೆಯ ಟ್ರೇಲರನ್ನು ಪಕ್ಕದ ಹೊಲದವರು ತುಂಬಿಸಿ ಕಳಿಸುತ್ತಾರೆ. ಆಗ ಇಡೀ ತೂಕವನ್ನು ಒಂದು ಚೀಟಿಯಲ್ಲಿ ಬರೆದು, ಎರಡನೆಯ ಚೀಟಿಯಲ್ಲಿ ಸೊನ್ನೆ ಇಟ್ಟು, ಜೋಡಿ ಚೀಟಿಯ ನಂಬರನ್ನೂ ಪಾಲಿನ ಶೇಕಡಾವಾರನ್ನೂ ಕೊನೆಯ ಆರು ಬೈಟ್‌ಗಳಲ್ಲಿ ಇಡುತ್ತಿದ್ದರು, ಬಿಲ್ ತೆಗೆಯುವಾಗ ಹಳೆಯ ಪ್ರೋಗ್ರಾಮು ಅದನ್ನು ಹಂಚುತ್ತಿತ್ತು. ಹಂಗಾಮಿನ ಆರಂಭದಲ್ಲಿ ಎಲ್ಲರ ಹೊಲವೂ ತುಂಬಿರುವುದರಿಂದ ಪಾಲಿನ ಹೇರುಗಳು ಬರುವುದು ಕಡಿಮೆ. ನಾನು ಮಾದರಿಗೆಂದು ಆರಿಸಿಕೊಂಡದ್ದು ಸರಿಯಾಗಿ ಹಂಗಾಮಿನ ಮೊದಲ ವಾರದ ಚೀಟಿಗಳನ್ನೇ.

ತೆಗೆದಿಟ್ಟ ಪ್ರತಿಗಳಿಂದ 37 ಚೀಟಿಗಳನ್ನೂ ಅಂದೇ ಸರಿಪಡಿಸಿದೆವು, ಬಿಲ್ಲುಗಳು ಗಡುವಿನೊಳಗೆ ಹೋದವು. ಬೆಳಗಾವಿಗೆ ಮರಳುವ ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು ಆ ಸೊನ್ನೆಗಳಿಗಿಂತ ನಾನು ಇಟ್ಟ ಹೆಸರು. ಅಜ್ಞಾತ ಎಂದು ಬರೆದಿದ್ದರೆ ನನ್ನ ಕೈಯೇ ಅಲ್ಲಿ ತಡೆದು ನಿಲ್ಲುತ್ತಿತ್ತು, ಇದ್ದದ್ದನ್ನು ಇದ್ದಂತೆ ನಕಲು ಮಾಡುತ್ತಿದ್ದೆ. ಖಾಲಿ ಎಂದು ಬರೆದ ಮೇಲೆ ಸೊನ್ನೆ ತುಂಬುವುದರಲ್ಲಿ ನನಗೆ ಯಾವ ಸಂಶಯವೂ ಬರಲಿಲ್ಲ. ಸಂಬಳವಿಲ್ಲದೆ ಆಟಕ್ಕಾಗಿ ಕೆಲಸ ಮಾಡಿದವರು ಪಾಲಿಸಿದ ಪ್ರಾಮಾಣಿಕತೆಯನ್ನು ಸಂಬಳ ತೆಗೆದುಕೊಂಡು ನಾನು ಪಾಲಿಸಿರಲಿಲ್ಲ.

ಈಗ ನಮ್ಮ ಕಚೇರಿಯಲ್ಲಿ ಇಂಥ ಯಾವ ಸಲಕರಣೆಯನ್ನೂ ಬರೆಯಲು ತೊಡಗಿದಾಗ ಮೊದಲ ಪರೀಕ್ಷೆ ಒಂದೇ: ಫೈಲನ್ನು ಓದುವುದು, ಏನನ್ನೂ ಬದಲಿಸದೆ ಮರಳಿ ಬರೆಯುವುದು, ಎರಡನ್ನೂ ಬೈಟಿಗೆ ಬೈಟು ಹೋಲಿಸುವುದು. ಡಿಆರ್‌ಎಸ್ ಗಂಟನ್ನು ಬಿಚ್ಚಿ ಕಟ್ಟುವಾಗ ನಾನು ಮತ್ತು ಅಣ್ಣ ಮಾಡುತ್ತಿದ್ದದ್ದೂ ಇದನ್ನೇ. ಇದರಲ್ಲಿ ಒಂದು ಎಚ್ಚರಿಕೆ ಬೇಕು. ಡ್ಯಾಟ್ ಫೈಲಿನಂತೆ ಕುಗ್ಗಿಸಿಟ್ಟ ಫೈಲುಗಳಲ್ಲಿ ಒಳಗಿನ ಮಾಹಿತಿ ಒಂದೇ ಆಗಿದ್ದರೂ ಕುಗ್ಗಿಸುವ ಮಟ್ಟ ಬೇರೆಯಾದರೆ ಹೊರಗಿನ ಬೈಟ್‌ಗಳು ಬೇರೆಯಾಗುತ್ತವೆ, ಆದ್ದರಿಂದ ಬಿಚ್ಚಿದ ಮೇಲೆಯೇ ಹೋಲಿಸಬೇಕು. ಮಾದರಿಯನ್ನು ಹಂಗಾಮಿನ ಮೊದಲು, ನಡುವೆ, ಕೊನೆ ಮೂರೂ ಕಡೆಯಿಂದ ಆರಿಸುತ್ತೇವೆ. ಲೆಕ್ಕದ ಪುಸ್ತಕ ಹಿಡಿದು ಕೂತವರನ್ನು ಮೊದಲ ವಾರದಲ್ಲಿಯೇ ಭೇಟಿಯಾಗಿ ಮಾತನಾಡಿಸುತ್ತೇವೆ, ಏಕೆಂದರೆ ಆಟದ ಅಭಿಮಾನಿಗಳಿಗೆ ಕೇಳಲು ಯಾರೂ ಇರಲಿಲ್ಲ, ನನಗೆ ಕಾಕಾ ಇದ್ದರು, ನಾನು ಕೇಳಿರಲಿಲ್ಲ.

ಅದೇ ಕಾರ್ಖಾನೆಯ ಹಳೆಯ ಹಂಗಾಮುಗಳ ಫೈಲುಗಳಲ್ಲಿ ಟ್ರ್ಯಾಕ್ಟರ್ ನಂಬರಿನ ಬೆನ್ನಿಗೆ ಬರುವ ಒಂದು ಬೈಟಿನ ಅರ್ಥ ಇನ್ನೂ ಹತ್ತಿಲ್ಲ. ಕೆಲವು ಚೀಟಿಗಳಲ್ಲಿ ಅದು 1, ಕೆಲವುಗಳಲ್ಲಿ 3, ಹೆಚ್ಚಿನವುಗಳಲ್ಲಿ ಸೊನ್ನೆ. ಕಾಕಾ ಅವರು ಈಗ ನಿವೃತ್ತರಾಗಿದ್ದು, ಹಬ್ಬಕ್ಕೆ ಫೋನ್ ಮಾಡಿದಾಗಲೆಲ್ಲ “ಆ ಒಂದ ಬೈಟ್ ಏನಂತ ತಿಳೀತೇನ ತಂಗೀ?” ಎಂದು ಕೇಳುತ್ತಾರೆ. ಪ್ರೋಗ್ರಾಮಿನಲ್ಲಿ ಅದರ ಹೆಸರು ‘ಅಜ್ಞಾತ 1’ ಎಂದಿದೆ.