ಹೊರವರ್ತುಲ ರಸ್ತೆಯಲ್ಲಿ ಗಾಡಿ ನಿಲ್ಲುವುದು ಎಲ್ಲಿ, ಏಕೆ

ಬೆಂಗಳೂರಿನ ಹೊರವರ್ತುಲ ರಸ್ತೆಯ ಮಾತು ಬಂದರೆ ಸಾಕು, ‘ರಸ್ತೆ ಸಾಲದು, ಇನ್ನೊಂದು ಫ್ಲೈಓವರ್ ಬೇಕು’ ಎಂದುಬಿಡುತ್ತೇವೆ. ಆದರೆ ಸಿಲ್ಕ್ ಬೋರ್ಡಿನಿಂದ ಟಿನ್ ಫ್ಯಾಕ್ಟರಿವರೆಗೆ ಸಂಜೆ ಹೊತ್ತು ಸಾಗಿ ನೋಡಿ. ಗಾಡಿಗಳು ಸಿಕ್ಕಿಕೊಳ್ಳುವುದು ಕೆಲವೇ ಜಾಗಗಳಲ್ಲಿ, ದಿನವೂ ಅವೇ ಜಾಗಗಳಲ್ಲಿ. ಉಳಿದ ಕಡೆ ಕಾಣುವುದು ಆ ಜಾಗಗಳಿಂದ ಹಿಂದಕ್ಕೆ ಬೆಳೆದ ಸಾಲು. ಸಾಲು ನಿಂತಲ್ಲಿ ರಸ್ತೆ ಅಗಲ ಮಾಡಿದರೆ ಸಾಲೂ ಅಗಲವಾಗುತ್ತದೆ, ಅಷ್ಟೇ. ಗಂಟೆಗೆ ದಾಟುವ ಗಾಡಿಗಳ ಸಂಖ್ಯೆ ಒಂದೂ ಹೆಚ್ಚುವುದಿಲ್ಲ. ದಾಟುವ ಸಂಖ್ಯೆಯನ್ನು ತೀರ್ಮಾನಿಸುವುದು ಮುಂದಿರುವ ಕಿರಿದಾದ ಕೊರಳು.

ಆ ಕೊರಳುಗಳಲ್ಲಿ ಹೆಚ್ಚಿನವು ಫ್ಲೈಓವರ್ ಇಳಿಯುವ ಬುಡದಲ್ಲಿವೆ. ಅಲ್ಲಿ ಆಗುವುದು ಹೀಗೆ. ಮೇಲಿನಿಂದ ಇಳಿದ ಕಾರಿಗೆ ಎಡಕ್ಕೆ ಸರಿದು ಸರ್ವಿಸ್ ರಸ್ತೆ ಸೇರಬೇಕು. ಕೆಳಗಿನ ಸಿಗ್ನಲ್ ದಾಟಿ ಎಡಬದಿಯಲ್ಲಿ ಬಂದ ಬಸ್ಸಿಗೆ ಬಲಕ್ಕೆ ಸರಿದು ಮುಖ್ಯರಸ್ತೆ ಹಿಡಿಯಬೇಕು. ಇಬ್ಬರ ದಾರಿಯೂ ಕತ್ತರಿಯ ಹಾಗೆ ಒಂದನ್ನೊಂದು ಹಾಯುತ್ತವೆ. ಅದಕ್ಕೆ ಸಿಗುವ ಜಾಗ ತೀರ ಕಡಿಮೆ. ಅದೇ ಬುಡದಲ್ಲಿ ಬಸ್ ನಿಲ್ದಾಣ, ಅದರ ಮುಂದೆ ಗಿರಾಕಿ ಕಾಯುವ ಆಟೊ. ಒಬ್ಬ ಚಾಲಕ ಬ್ರೇಕ್ ಹಾಕಿದರೆ ಹಿಂದಿನವನು ಇನ್ನಷ್ಟು ಜೋರಾಗಿ ಹಾಕಬೇಕಾಗುತ್ತದೆ, ಹತ್ತನೆಯ ಗಾಡಿ ಪೂರ್ತಿ ನಿಲ್ಲುತ್ತದೆ. ಮುಂದೆ ರಸ್ತೆ ಖಾಲಿ ಇದ್ದರೂ ಫ್ಲೈಓವರ್ ಮೇಲೆ ಸಾಲು ನಿಂತಿರುವುದು ಇದರಿಂದಲೇ.

ಇದಕ್ಕೆ ಮದ್ದು ಮುಖ್ಯರಸ್ತೆಗೂ ಸರ್ವಿಸ್ ರಸ್ತೆಗೂ ನಡುವಿನ ಡಿವೈಡರಿನಲ್ಲಿ ಬಿಟ್ಟ ಬಾಯಿಗಳ ಕ್ರಮದಲ್ಲಿದೆ. ಮುಖ್ಯರಸ್ತೆಯಿಂದ ಹೊರಹೋಗುವ ಬಾಯಿ ಮೊದಲು ಬರಬೇಕು, ಸರ್ವಿಸ್ ರಸ್ತೆಯಿಂದ ಒಳಬರುವ ಬಾಯಿ ಆಮೇಲೆ. ಆಗ ಹೊರಟವರು ಹೋಗಿ ಖಾಲಿಯಾದ ಲೇನಿಗೆ ಬರುವವರು ಸೇರುತ್ತಾರೆ, ಹಾಯುವ ಪ್ರಮೇಯವೇ ಇಲ್ಲ. ಕ್ರಮ ತಿರುವುಮುರುವಾದರೆ, ಅಥವಾ ಎರಡಕ್ಕೂ ಒಂದೇ ಬಾಯಿ ಇದ್ದರೆ, ಎಷ್ಟು ಪೊಲೀಸರನ್ನು ನಿಲ್ಲಿಸಿದರೂ ಜಾಮ್ ತಪ್ಪದು. ಒಂದು ಬಾಯಿ ಮುಚ್ಚಿ ನೂರೈವತ್ತು ಮೀಟರ್ ಆಚೆ ತೆರೆಯಲು ಬೇಕಾದದ್ದು ಒಂದಿಷ್ಟು ಕಾಂಕ್ರೀಟ್ ಮತ್ತು ಒಂದು ರಾತ್ರಿಯ ಕೆಲಸ. ಕೋಟಿಗಟ್ಟಲೆ ಹಣದ ಯೋಜನೆಗೆ ಮೊದಲು ಇದು ಆಗಬೇಕು.

ಇನ್ನು ಸಿಗ್ನಲ್. ನಮ್ಮಲ್ಲಿ ಬಳಕೆಯಲ್ಲಿರುವ ಲೆಕ್ಕ ಸರಳ: ಜಂಕ್ಷನ್ ಬಾಯಲ್ಲಿ ರಸ್ತೆಯ ಅಗಲ ಮೀಟರಿನಲ್ಲಿ ಎಷ್ಟೋ ಅದನ್ನು 525ರಿಂದ ಗುಣಿಸಿದರೆ, ಪೂರ್ತಿ ಒಂದು ಗಂಟೆ ಹಸಿರು ಕೊಟ್ಟಾಗ ದಾಟಬಲ್ಲ ಗಾಡಿಗಳ ಸಂಖ್ಯೆ ಸಿಗುತ್ತದೆ. ಇದು ಬಸ್ಸು, ಬೈಕು ಎಲ್ಲವನ್ನೂ ಕಾರಿಗೆ ಸಮನಾಗಿಸಿ ಎಣಿಸುವ ಲೆಕ್ಕ. ಇಂಜಿನಿಯರುಗಳ ಬಾಯಲ್ಲಿ ಪಿಸಿಯು. 10 ಮೀಟರ್ ಅಗಲಕ್ಕೆ 5,250. ಸಿಗ್ನಲ್ಲಿನ ಒಂದು ಸುತ್ತು 160 ಸೆಕೆಂಡ್, ಅದರಲ್ಲಿ ನಮ್ಮ ಪಾಲಿನ ಹಸಿರು 40 ಎಂದಿಟ್ಟುಕೊಂಡರೆ ಸಿಗುವುದು ಕಾಲುಭಾಗ: ಗಂಟೆಗೆ ಸುಮಾರು 1,310, ಒಂದು ಸುತ್ತಿಗೆ 58. ಈಗ ಸ್ಟಾಪ್ ಲೈನ್ ಹತ್ತಿರ ಎರಡು ಆಟೊ, ಒಂದು ಪಾನಿಪುರಿ ಗಾಡಿ ನಿಂತು 3 ಮೀಟರ್ ತಿಂದವು ಎನ್ನಿ. ಉಳಿದ 7 ಮೀಟರಿನಲ್ಲಿ ಸುತ್ತಿಗೆ ದಾಟುವುದು 41. ಪ್ರತಿ ಸುತ್ತಿಗೂ 17 ಗಾಡಿ ಬಾಕಿ, ಗಂಟೆಗೆ 22 ಸುತ್ತು. ಒಂದೇ ಗಂಟೆಯಲ್ಲಿ ಮುನ್ನೂರೆಪ್ಪತ್ತಕ್ಕೂ ಹೆಚ್ಚು ಕಾರುಗಳ ಸಾಲು. ಮೂರು ಲೇನಿನಲ್ಲಿ, ಕಾರಿಗೆ ಆರೂವರೆ ಮೀಟರಿನಂತೆ ನಿಲ್ಲಿಸಿದರೆ 800 ಮೀಟರ್! ಅಷ್ಟರೊಳಗೆ ಹಿಂದಿನ ಜಂಕ್ಷನ್ ಸಿಕ್ಕಿದರೆ ಅದೂ ಕಟ್ಟಿಕೊಳ್ಳುತ್ತದೆ. ಹೀಗಾಗಿ ಸ್ಟಾಪ್ ಲೈನಿನ ಹಿಂದೆಮುಂದೆ 75 ಮೀಟರ್ ಜಾಗ ತೆರವಾಗಿಡುವುದು ಬೇರೆ ಕಡೆಯ ಅರ್ಧ ಕಿಲೋಮೀಟರ್ ರಸ್ತೆ ಅಗಲೀಕರಣಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಹಸಿರಿನ ಅವಧಿ ಬೆಳೆಸುತ್ತ ಹೋಗುವುದೂ ಪರಿಹಾರವಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಸಿರು ಬದಲಾಗುವಾಗ ಸುಮಾರು 4 ಸೆಕೆಂಡ್ ವ್ಯರ್ಥ, ನಾಲ್ಕು ಕಡೆಗೆ 16. ಸುತ್ತು ಉದ್ದವಾದಷ್ಟೂ ಈ ನಷ್ಟದ ಪಾಲು ತಗ್ಗುವುದು ನಿಜ. ಆದರೆ 4 ನಿಮಿಷದ ಸುತ್ತಿನಲ್ಲಿ ಬಲತಿರುವಿನವರ ಸಾಲು ಅವರ ಲೇನ್ ತುಂಬಿ ನೇರ ಹೋಗುವವರ ದಾರಿಗೆ ಅಡ್ಡ ನಿಲ್ಲುತ್ತದೆ. ರಸ್ತೆ ದಾಟಬೇಕಾದವರು ಅಷ್ಟು ಹೊತ್ತು ಕಾಯಲಾರದೆ ಜೀವ ಕೈಯಲ್ಲಿ ಹಿಡಿದು ನುಗ್ಗುತ್ತಾರೆ. ವಯಸ್ಸಾದವರು, ಮಕ್ಕಳ ಕೈ ಹಿಡಿದ ತಾಯಂದಿರು ಹಾಗೆ ನುಗ್ಗುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದೇ ಹೊರವರ್ತುಲ ರಸ್ತೆ ಬಳ್ಳಾರಿ ರಸ್ತೆಯನ್ನು ಸಂಧಿಸುವ ಹೆಬ್ಬಾಳದ್ದು ಬೇರೆಯದೇ ಪಾಠ. ಅಲ್ಲಿನ ಫ್ಲೈಓವರ್ 2003ರದ್ದು, ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರಲ್ಲಿ. ಆಮೇಲೆ ವಿಮಾನ ನಿಲ್ದಾಣದ ಕಡೆಯಿಂದ ಎತ್ತರಿಸಿದ ರಸ್ತೆ ಬಂತು. ಗಾಡಿಗಳು ವೇಗವಾಗಿ ಬಂದು ಮೇಖ್ರಿ ವೃತ್ತದ ಕಡೆಯ ಹಳೆಯ ಕಿರಿದಾದ ಲೇನುಗಳ ಮುಂದೆ ಸೇರಿಕೊಂಡವು. 2025ರ ಆಗಸ್ಟಿನಲ್ಲಿ ತೆರೆದ ಹೊಸ ಲೂಪ್ ಕೆ.ಆರ್. ಪುರದ ಕಡೆಯವರಿಗೆ ಬೇರೆ ದಾರಿ ಕೊಟ್ಟಿದೆ, ಅದು ಒಳ್ಳೆಯದೇ. ಆದರೂ ಎಲ್ಲರೂ ಕೊನೆಗೆ ಸೇರುವುದು ಅದೇ ಬಳ್ಳಾರಿ ರಸ್ತೆಯನ್ನು. ಒಂದು ಕೊರಳು ಬಿಡಿಸುವ ಮುನ್ನ ಅದರ ಮುಂದಿನ ಎರಡು ಜಂಕ್ಷನ್ನುಗಳಲ್ಲಿ ಗಾಡಿ ಎಣಿಸಬೇಕು, ಅಲ್ಲಿಯೂ ಜಾಗ ಮಾಡಬೇಕು.

2019ರಲ್ಲಿ ಹೊರವರ್ತುಲ ರಸ್ತೆಯಲ್ಲೇ ಬಸ್ಸಿಗೆಂದು ಪ್ರತ್ಯೇಕ ಲೇನ್ ಮಾಡಿದ್ದರು. ಅದು ಉಳಿಯದೇ ಹೋದದ್ದು ದೊಡ್ಡ ನಷ್ಟ. ನಿಮಿಷಕ್ಕೊಂದು ಬಸ್, ಬಸ್ಸಿಗೆ 60 ಜನ ಎಂದರೂ ಒಂದು ಲೇನಿನಲ್ಲಿ ಗಂಟೆಗೆ 3,600 ಜನ ಸಾಗುತ್ತಾರೆ. ಅದೇ ಲೇನಿನಲ್ಲಿ ಸಾವಿರ ಕಾರು, ಕಾರಿಗೆ ಒಂದೂವರೆ ಜನ ಎಂದು ಹಿಡಿದರೆ 1,500.

ಈಗ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ ಇದೇ ರಸ್ತೆಗುಂಟ ಮೆಟ್ರೊ ನೀಲಿ ಮಾರ್ಗದ ಕೆಲಸ. ನಿಲ್ದಾಣದ ಮೆಟ್ಟಿಲು ಎಲ್ಲಿ ಇಳಿಯುತ್ತದೋ ಅಲ್ಲಿ ಎರಡು 12 ಮೀಟರಿನ ಬಸ್ಸುಗಳು ಒಂದರ ಹಿಂದೊಂದು ನಿಲ್ಲಲು ಕನಿಷ್ಠ 27 ಮೀಟರ್ ಬೇಕು, ಒಳಬಂದು ಹೊರಹೋಗುವ ಓರೆ ಜಾಗ ಬೇರೆ. ಆಟೊಗಳಿಗೆ ಬಸ್ಸಿನ ಮುಂದೆ ಜಾಗ ಕೊಡಬಾರದು, ಹಿಂದೆ ಕೊಡಬೇಕು. ಮುಂದೆ ನಿಂತರೆ ಬಸ್ಸು ಹೊರಡಲಾರದೆ ಎರಡನೇ ಲೇನಿಗೆ ಅಡ್ಡ ಬರುತ್ತದೆ. ಕಂಬ, ಮೆಟ್ಟಿಲು, ಟ್ರಾನ್ಸ್‌ಫಾರ್ಮರ್ ಕಳೆದು ಫುಟ್‌ಪಾತ್ 2 ಮೀಟರಿಗಿಂತ ಕಡಿಮೆ ಉಳಿದರೆ ರೈಲು ಇಳಿದ ಜನ ರಸ್ತೆಗೇ ಇಳಿಯುತ್ತಾರೆ. ಈ ಅಳತೆಗಳನ್ನು ಮೆಟ್ಟಿಲಿನ ಪಾಯ ತೋಡುವ ಮೊದಲೇ ನಕ್ಷೆಯ ಮೇಲೆ ಹಾಕಿ ನೋಡಬೇಕು.